ಚೀಟಿಯ ಕೆಳಗಿನ ಸಾಲು

ಫೆಬ್ರವರಿ 3

ಅಕ್ಕನಿಗೆ,

ಕ್ಷೇಮವೇ, ಕುಶಲವೇ ಎಂದೆಲ್ಲ ಬರೆದು ಕಾಗದ ಹಾಳುಮಾಡುವುದಿಲ್ಲ. ಒಂಬತ್ತು ವರ್ಷ ಕೇಳದಿದ್ದವನು ಈಗ ಕೇಳಿದರೆ ನೀನೇ ನಗುತ್ತೀಯ. ನಿನ್ನ ವಿಳಾಸ ಕೊಟ್ಟವಳು ಅಮ್ಮ. ಮಾತ್ರೆಯ ಪೊಟ್ಟಣದ ಹಿಂಬದಿಯಲ್ಲಿ ಬರೆದು ಕನ್ನಡಕದ ಡಬ್ಬಿಯೊಳಗೆ ಮಡಿಸಿಟ್ಟುಕೊಂಡಿದ್ದಳು. ಅವಳಿಗೆ ಎಲ್ಲಿಂದ ಸಿಕ್ಕಿತೋ, ನಾನು ಕೇಳಲೂ ಇಲ್ಲ.

ವಿಷಯ ಇಷ್ಟು. ಅಮ್ಮನ ಎಡಗಾಲು ಹುಟ್ಟಿನಿಂದ ಗಿಡ್ಡ ಎನ್ನುವುದು ನಿನಗೆ ಗೊತ್ತಿರುವುದೇ. ಕಳೆದ ತಿಂಗಳು ಅದೇ ಬದಿಯ ಸೊಂಟದ ಕೀಲು ಬದಲಿಸಿದರು. ಈಗ ಕಾಲಿನ ಅಳತೆಯೇ ಬೇರೆಯಾಗಿದೆ, ಹಳೆಯ ಬೂಟನ್ನು ಮುಟ್ಟಲೂಬಾರದು ಎಂದಿದ್ದಾರೆ ಡಾಕ್ಟರು. ಏಪ್ರಿಲ್ ಮುಗಿಯುವುದರೊಳಗೆ ಅವಳು ಹೊಸ ಬೂಟಿನಲ್ಲಿ ಎದ್ದು ನಡೆಯಬೇಕಂತೆ. ಇಲ್ಲದಿದ್ದರೆ ಕಾಲು ನಡಿಗೆಯನ್ನೇ ಮರೆತುಬಿಡುತ್ತದೆ, ಆಮೇಲೆ ಕುರ್ಚಿಯೇ ಗತಿ.

ಅಳತೆ ತೆಗೆಯೋಣವೆಂದರೆ ನಿನ್ನ 'ಹೆಜ್ಜೆ' ಪ್ರೋಗ್ರಾಂ ಮಲಗಿದೆ. ಅಂಗಡಿಗೆ ಹೊಸ ಕಂಪ್ಯೂಟರ್ ತಂದೆ. ಕಂಪ್ಯೂಟರ್ ಅಂಗಡಿಯವನು ಹಳೆಯದರಲ್ಲಿ ಇದ್ದುದನ್ನು ಇದಕ್ಕೆ ತುಂಬಿಸಿ, ಹೆಜ್ಜೆಯನ್ನೂ ಇನ್‌ಸ್ಟಾಲ್ ಮಾಡಿಕೊಟ್ಟ. ತೆರೆಯಲು ಹೋದರೆ ಏನೋ ಫೈಲು ಇಲ್ಲ ಅನ್ನುತ್ತದೆ. ಬರೆದವಳು ನೀನು, ಉತ್ತರ ಹೇಳಬೇಕಾದವಳೂ ನೀನೇ.

ನಿನ್ನ ಪ್ರೋಗ್ರಾಂ ಮೇಲೆ ನನಗೆ ಯಾವತ್ತೂ ಗೌರವ ಇರಲಿಲ್ಲ, ಈಗಲೂ ಇಲ್ಲ. ಅಪ್ಪ ಅಂಗೈಯಲ್ಲೇ ಅಳತೆ ಹಿಡಿಯುತ್ತಿದ್ದ. ಈಗಿನ ಗಿರಾಕಿಗಳಿಗೆ ಪ್ರಿಂಟಾದ ಚೀಟಿ ಕೈಗೆ ಬಂದರೇನೇ ನಂಬಿಕೆ, ಅದಕ್ಕೆ ಇಟ್ಟುಕೊಂಡಿದ್ದೇನೆ. ಆದರೆ ಲೋಹದ ಕೀಲು ಕೂತ ಕಾಲನ್ನು ನನ್ನ ಕೈ ಇದುವರೆಗೆ ಹಿಡಿದಿಲ್ಲ. ಅದಕ್ಕೇ ಈ ಕಾಗದ.

ನೀನು ಹಾಕಿಕೊಂಡು ಹೋದ ಬೂಟು ಇಷ್ಟರಲ್ಲಿ ಬಾಯಿಬಿಟ್ಟಿರಬೇಕು.

ಇತಿ,
ತಂದೆ ಮತ್ತು ಮಗ
ಏರುಪೇರು ಕಾಲುಗಳಿಗೆ ಬೂಟು ತಯಾರಕರು


ಫೆಬ್ರವರಿ 8

ಶ್ರೀಮಾನ್ 'ಮತ್ತು ಮಗ' ಅವರಿಗೆ,

ಅಂಗಡಿಯ ಹೆಸರು ಅಚ್ಚು ಹಾಕಿಸಿದ ಕಾಗದದಲ್ಲಿ ಬರೆದಿದ್ದೀಯ, ಸಂತೋಷ. ನಾನು ಮರೆತಿರಬಹುದು ಎಂದುಕೊಂಡೆಯಾ? ಅಪ್ಪ ಹೋದ ಹದಿನೈದನೇ ದಿನ ಏಣಿ ಹತ್ತಿ ನೀನೇ ಬರೆದ ಬೋರ್ಡು ಅದು. ಅಟ್ಟೆಯ ಎತ್ತರ ಲೆಕ್ಕ ಹಾಕಿದವಳು ಮಗಳು, ಬೋರ್ಡಿಗೆ ಏರಿದವನು ಮಗ.

"ಏನೋ ಫೈಲು ಇಲ್ಲ" ಅಂದರೆ ಏನು? ಗಿರಾಕಿ ಬಂದು "ಏನೋ ಕಾಲು ನೋವು" ಎಂದರೆ ನೀನು ಚರ್ಮಕ್ಕೆ ಕತ್ತರಿ ಹಾಕುತ್ತೀಯಾ? ಈ ಆಸ್ಪತ್ರೆಯ ನೂರ ನಲವತ್ತು ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವಳು ನಾನು. ದಿನಕ್ಕೆ ಹತ್ತು ಜನ ಈ 'ಏನೋ'ವನ್ನೇ ಹೊತ್ತುಕೊಂಡು ಬರುತ್ತಾರೆ. ನನ್ನ ಮೇಜಿನ ಮೇಲೆ ಬಿಳಿ ಹಾಳೆಗಳ ಕಟ್ಟು ಇದೆ. ದೊಡ್ಡ ಸರ್ಜನ್ ಆದರೂ ಸರಿ, ಪರದೆಯ ಮೇಲೆ ಬಂದದ್ದನ್ನು ಒಂದಕ್ಷರ ಬಿಡದೆ ಆ ಹಾಳೆಯಲ್ಲಿ ಕೈಯಾರೆ ಬರೆದು ತರಬೇಕು, ಆಮೇಲೆ ಮಾತು. ಬರೆಯುತ್ತ ಬರೆಯುತ್ತ ಅರ್ಧ ಜನ ತಮ್ಮ ತಪ್ಪು ತಾವೇ ಕಂಡು ವಾಪಸು ಹೋಗುತ್ತಾರೆ. ನಿನಗೂ ಅದೇ ನಿಯಮ. ಫೋನ್ ಮಾಡಬೇಡ. ಫೋನಿನಲ್ಲಿ ನೀನು ಪರದೆಯ ಮೇಲಿರುವುದನ್ನು ಹೇಳುವುದಿಲ್ಲ, ನಿನ್ನ ತಲೆಯಲ್ಲಿರುವುದನ್ನು ಹೇಳುತ್ತೀಯ.

ಇನ್‌ಸ್ಟಾಲ್ ಮಾಡಿದರೆ ಸಾಕು, ಪ್ರೋಗ್ರಾಂ ಓಡಬೇಕು ಎಂದು ನಿನ್ನ ಕಂಪ್ಯೂಟರ್ ಅಂಗಡಿಯವನು ತಿಳಿದಿದ್ದಾನೆ. ಹಾಗಲ್ಲ. ಒಂದು ಬೀದಿಯ ಹತ್ತು ಮನೆಗೆ ಒಂದೇ ಏಣಿ ಇರುತ್ತದಲ್ಲ, ಹಾಗೆ ಪ್ರೋಗ್ರಾಂಗಳೂ ಕೆಲವು ಕೆಲಸಗಳಿಗೆ ಎಲ್ಲರಿಗೂ ಸೇರಿದ ಫೈಲುಗಳನ್ನು ಬಳಸುತ್ತವೆ. ಅವುಗಳಿಗೆ ಲೈಬ್ರರಿ ಎನ್ನುತ್ತಾರೆ. ಪ್ರೋಗ್ರಾಂ ಏಳುವಾಗ ತನಗೆ ಬೇಕಾದ ಲೈಬ್ರರಿಯನ್ನು ಹೆಸರು, ನಂಬರ್ ಹಿಡಿದು ಕೂಗುತ್ತದೆ. ಸಿಗದಿದ್ದರೆ ಒಂದು ಹೆಜ್ಜೆಯೂ ಇಡುವುದಿಲ್ಲ. ಅದು ಕೂಗುತ್ತಿರುವ ಹೆಸರು ಯಾವುದು, ಬರೆದು ಕಳಿಸು.

ಅಮ್ಮನ ಹೊಲಿಗೆ ಬಿಚ್ಚಿದರೇ?

ಇತಿ,
ಕಂಪ್ಯೂಟರ್ ರಿಪೇರಿಯವಳು
(ನೀನು ಇಟ್ಟ ಹೆಸರೇ)


ಫೆಬ್ರವರಿ 14

ಅಕ್ಕನಿಗೆ,

ಶಾಲೆಯಲ್ಲಿ ಕಾಪಿ ಬರೆಸಿದ ಹಾಗೆ ಬರೆಸುತ್ತೀಯ. ಬರೆದಿದ್ದೇನೆ, ತಗೋ: "ಹಂಚಿಕೆಯ ಲೈಬ್ರರಿಗಳನ್ನು ತರುವಾಗ ದೋಷ: 'ಚಿತ್ರ', ನಂಬರ್ 12: ಫೈಲು ತೆರೆಯಲಾಗಲಿಲ್ಲ: ಅಂಥ ಫೈಲು ಇಲ್ಲ." ನಿನ್ನ ಉತ್ತರಕ್ಕೆ ಕಾಯದೆ ಕಂಪ್ಯೂಟರ್ ಅಂಗಡಿಯವನು ಆ ಹನ್ನೆರಡನ್ನು ಹುಡುಕಿ ಹಾಕಿದ. ಹಾಕಿದ ಕೂಡಲೇ ಪ್ರೋಗ್ರಾಂ ಏನು ಹೇಳಿತು ಗೊತ್ತೇ? ಅದು ಸಿಕ್ಕಿತು, ಈಗ 'ಅಕ್ಷರ' ಬೇಕು ಎಂದಿತು. ಬೇಕಾದ್ದನ್ನು ಒಂದೇ ಸಲ ಹೇಳುವ ಮರ್ಯಾದೆ ಕೂಡ ಇಲ್ಲ. ಬರೆದವಳ ಬುದ್ಧಿಯೇ ಬಂದಿದೆ.

ಹೊಲಿಗೆ ಬಿಚ್ಚಿದರು. ಅಮ್ಮ ಅಂಗಡಿಯ ಕಿಟಕಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಎಡಗಾಲನ್ನು ತನ್ನ ಕಾಲುಮಣೆಯ ಮೇಲಿಟ್ಟುಕೊಂಡು ಬೀದಿಯ ಜನಕ್ಕೆಲ್ಲ ಬುದ್ಧಿ ಹೇಳುತ್ತ ಕೂತಿರುತ್ತಾಳೆ. ನಿನ್ನೆ ಅಂಚೆಯವನಿಗೆ "ಎದೆ ಎತ್ತಿ ನಡಿಯಪ್ಪ, ಕತ್ತೆ ಥರ ಬಗ್ಗಬೇಡ" ಎಂದಳು. ನಡೆಯಲಾರದವಳ ಪಾಠ ಅವನಿಗೆ. ನನಗೆ ನಗು ಬರಲಿಲ್ಲ.

ಇತಿ,
ಮತ್ತು ಮಗ


ಫೆಬ್ರವರಿ 20

'ಮತ್ತು ಮಗ' ಅವರಿಗೆ,

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮರ್ಯಾದೆ ಇಲ್ಲದಿರುವುದು ಪ್ರೋಗ್ರಾಂಗೆ ಅಲ್ಲ. ಅದು ಮೊದಲು ಸಿಗದ ಹೆಸರಿನ ಹತ್ತಿರವೇ ನಿಂತುಬಿಡುತ್ತದೆ, ಮುಂದಿನದನ್ನು ನೋಡುವುದೇ ಇಲ್ಲ. ಹಾಗಾಗಿ ಒಂದೊಂದನ್ನೇ ತಂದು ತುರುಕುತ್ತ ಹೋಗುವವನು ಸೋಮಾರಿ. ಬುದ್ಧಿ ಇರುವವನು ಮೊದಲೇ ಪೂರ್ತಿ ಪಟ್ಟಿ ಕೇಳುತ್ತಾನೆ. ಅದಕ್ಕೆ 'ಎಲ್‌ಡಿಡಿ' ಎಂಬ ಕಮಾಂಡ್ ಇದೆ. ಅದರ ಮುಂದೆ ಹೆಜ್ಜೆಯ ಹೆಸರು ಬರೆದು ಒತ್ತು. ಬೇಕಾದ ಲೈಬ್ರರಿಗಳೆಲ್ಲ ಸಾಲಾಗಿ ಬರುತ್ತವೆ. ಇರುವುದರ ಮುಂದೆ ಅದು ಎಲ್ಲಿದೆ ಎಂದಿರುತ್ತದೆ, ಇಲ್ಲದ್ದರ ಮುಂದೆ 'ಸಿಗಲಿಲ್ಲ' ಎಂದಿರುತ್ತದೆ. ಎಲ್ಲ ಸಾಲನ್ನೂ ಬರೆದು ಕಳಿಸು.

ಇನ್ನೊಂದು ಮಾತು. ಇದನ್ನು ಎರಡು ಸಲ ಓದು, ನಿನಗೆ ಒಂದು ಸಲಕ್ಕೆ ಹತ್ತುವುದಿಲ್ಲ. ಬೇಕಾದ ನಂಬರ್ ಸಿಗಲಿಲ್ಲವೆಂದು ಬೇರೆ ನಂಬರಿನ ಲೈಬ್ರರಿಗೆ ಆ ಹೆಸರಿನ ಲಿಂಕ್ ಹಾಕಿ ಕೂರಿಸುವ ಚಾಲಾಕಿತನ ಒಂದಿದೆ. ಅರೆಬರೆ ಕಲಿತವರೆಲ್ಲ ಮಾಡುತ್ತಾರೆ. ಪ್ರೋಗ್ರಾಂ ಹೆಸರನ್ನು ಮಾತ್ರ ನೋಡುತ್ತದೆ, ಮುಖ ನೋಡುವುದಿಲ್ಲ. ಮೋಸ ಹೋಗಿ ತೆರೆದುಕೊಳ್ಳುತ್ತದೆ. ತೆರೆದುಕೊಳ್ಳದಿದ್ದರೆ ಒಳ್ಳೆಯದು, ತೆರೆದುಕೊಂಡರೆ ಅಪಾಯ. ಆಮೇಲೆ ಅದು ಕೊಡುವ ಉತ್ತರ ಯಾರದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ. ಮಾಡಬೇಡ.

ಅಮ್ಮ ಅಂಚೆಯವನಿಗೆ ಹೇಳಿದ್ದನ್ನು ಓದಿ ನನಗೂ ನಗು ಬರಲಿಲ್ಲ.

ಇತಿ,
ರಿಪೇರಿಯವಳು


ಫೆಬ್ರವರಿ 26

ಅಕ್ಕನಿಗೆ,

ಮೂವತ್ತೊಂದು ಸಾಲು. ಪ್ರತ್ಯೇಕ ಹಾಳೆಯಲ್ಲಿ ಇಟ್ಟಿದ್ದೇನೆ. ಕೈ ಬಿದ್ದುಹೋಯಿತು. ಇಪ್ಪತ್ತೊಂಬತ್ತು ಸರಿ ಇವೆ. 'ಅಕ್ಷರ' ಸಿಗಲಿಲ್ಲ ಎಂದಿತ್ತು, ಅದನ್ನು ಹಾಕಿಸಿದೆ. ಉಳಿದದ್ದು ಒಂದೇ: 'ಅಂಗಾಲು', ನಂಬರ್ 2.

ಕಂಪ್ಯೂಟರ್ ಅಂಗಡಿಯವನು ಅದನ್ನು ಅರ್ಧ ದಿನ ಹುಡುಕಿದ. "ಅಣ್ಣಾ, ಇಂಥದ್ದೊಂದು ಪ್ರಪಂಚದಲ್ಲೇ ಇಲ್ಲ. ನಿಮ್ಮ ಅಕ್ಕ ಕನಸಲ್ಲಿ ಬರ್ದಿರ್ಬೇಕು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಹತ್ತು ಮನೆಗೆ ಸೇರಿದ ಏಣಿ ಎಂದು ನನಗೆ ಪಾಠ ಹೇಳಿದೆಯಲ್ಲ, ಇದು ಯಾವ ಬೀದಿಯ ಏಣಿ?

ಡಾಕ್ಟರು ಬಂದು ಅಮ್ಮನ ತೊಡೆ ಒತ್ತಿ ನೋಡಿದರು. ಸ್ನಾಯು ಆಗಲೇ ಸೊರಗುತ್ತಿದೆ, ಬೂಟು ಎಲ್ಲಿ ಎಂದು ಕೇಳಿದರು. ಬೂಟು ಮಾಡುವವನ ಮನೆಯಲ್ಲಿ ನಿಂತು ಬೂಟು ಎಲ್ಲಿ ಎಂದು ಕೇಳಿದರು. ನಿನ್ನಿಂದ ಅದನ್ನೂ ಕೇಳಿಸಿಕೊಂಡೆ.

ಇತಿ,
ಮತ್ತು ಮಗ


ಮಾರ್ಚ್ 4

ತಮ್ಮನಿಗೆ,

'ಅಂಗಾಲು' 2 ನಾನು ಬರೆದದ್ದು. ಪ್ರಪಂಚದಲ್ಲಿ ಅದು ಇರುವುದು ಒಂದೇ ಕಡೆ, ಅಂಗಡಿಯ ಹಳೆಯ ಕಂಪ್ಯೂಟರ್‌ನಲ್ಲಿ. 'ಅಕ್ಕ' ಎಂಬ ಹೆಸರಿನ ನನ್ನ ಫೋಲ್ಡರ್ ಒಳಗೆ. ನಿನ್ನ ಆ ನಗುವ ಪಂಡಿತನಿಗೆ ಹೇಳಿ ಆ ಫೋಲ್ಡರನ್ನು ಹೊಸದಕ್ಕೆ ತರಿಸು. ಅಂಗಾಲನ್ನು ಉಳಿದ ಲೈಬ್ರರಿಗಳ ಜೊತೆ ಇಡಿಸಿ, 'ಎಲ್‌ಡಿಕಾನ್ಫಿಗ್' ಎಂಬ ಕಮಾಂಡ್ ಒಂದು ಸಲ ಓಡಿಸು. ಯಾವ ಲೈಬ್ರರಿ ಎಲ್ಲಿದೆ ಎಂದು ಕಂಪ್ಯೂಟರ್ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ, ಅದನ್ನು ಹೊಸದಾಗಿ ಬರೆಯುವ ಕಮಾಂಡ್ ಅದು. ಹತ್ತು ನಿಮಿಷದ ಕೆಲಸ. ಇಷ್ಟು ಹೇಳಿದರೆ ನಿನಗೂ ಆಗಬೇಕು.

ಎಲ್ಲವನ್ನೂ ತುಂಬಿಸಿಕೊಟ್ಟ ಎಂದು ಬರೆದಿದ್ದೀಯ. ಎಲ್ಲವನ್ನೂ ತುಂಬಿಸಿದ್ದರೆ ಇದು ಬಿಟ್ಟುಹೋದದ್ದು ಹೇಗೆ?

ಇತಿ,
ಅಕ್ಕ


ಮಾರ್ಚ್ 10

ಅಕ್ಕನಿಗೆ,

ಹೇಗೆ ಬಿಟ್ಟುಹೋಯಿತು, ಕೇಳು. "ಅಣ್ಣಾ, ಇಲ್ಲೊಂದು 'ಅಕ್ಕ' ಅಂತ ಫೋಲ್ಡರ್ ಇದೆ. ಬೇಕಾ?" ಎಂದು ತುಂಬಿಸುವಾಗ ಕಂಪ್ಯೂಟರ್ ಅಂಗಡಿಯವನು ಕೇಳಿದ. "ಬೇಡ, ಕಸ ಅದು, ಬಿಡು" ಎಂದೆ ನಾನು. ಹಳೆಯ ಕಂಪ್ಯೂಟರನ್ನು ಗುಜರಿಯವನಿಗೆ ಕೊಟ್ಟುಬಿಡು ಎಂದು ಅಮ್ಮನಿಗೆ ಹೇಳಿ ಚರ್ಮ ತರಲು ಹೋಗಿದ್ದೆ. ಅದು ಹೋಗಿ ಎರಡು ತಿಂಗಳಾಯಿತು.

ಅಳಬೇಡ, ನೀನಿಲ್ಲದಿದ್ದರೂ ಬೆಳಗಾಗುತ್ತದೆ. ಅಪ್ಪನ ಫೋಲ್ಡರ್‌ನಲ್ಲಿ 'ಅಂಗಾಲು', ನಂಬರ್ 1 ಸಿಕ್ಕಿತು. ಕಂಪ್ಯೂಟರ್ ಅಂಗಡಿಯವನು ಅದಕ್ಕೆ ಎರಡು ಎಂಬ ಹೆಸರಿನ ಲಿಂಕ್ ಹಾಕಿದ. ನೀನು ಅಪಾಯ, ಅಪಾಯ ಎಂದು ಎದೆ ಬಡಿದುಕೊಂಡೆಯಲ್ಲ, ಅದೇ. ಹೆಜ್ಜೆ ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಂಡಿತು. ಅಮ್ಮನ ಹನ್ನೆರಡು ಅಳತೆ ಕೊಟ್ಟೆ, ಚೀಟಿ ಬಂತು. ಎಡ ಅಟ್ಟೆ ಮೂವತ್ತೊಂದು ಮಿಲಿಮೀಟರ್ ಎತ್ತರ. ಬೂಟು ಮುಕ್ಕಾಲು ಮುಗಿದಿದೆ.

ಇನ್ನೊಂದು ಸಂತೋಷದ ಸುದ್ದಿ. ಪ್ರತಿ ಚೀಟಿಯ ಕೊನೆಗೆ ನೀನು ಒಂದು ಸಾಲು ತುರುಕಿದ್ದೆಯಲ್ಲ, 'ಅಳತೆ: ತಂದೆ, ಮಗಳು, ಮಗ' ಎಂದು? ಒಂಬತ್ತು ವರ್ಷ ಗಿರಾಕಿಯ ಕೈಗೆ ಕೊಡುವ ಮುಂಚೆ ಅದನ್ನು ಕತ್ತರಿಯಿಂದ ಕತ್ತರಿಸಿ ಕಸದ ಬುಟ್ಟಿಗೆ ಹಾಕಿದ್ದೇನೆ. ಈ ಚೀಟಿಯಲ್ಲಿ ಆ ಸಾಲು ಬರಲೇ ಇಲ್ಲ. ಕತ್ತರಿಗೆ ರಜ ಕೊಟ್ಟೆ.

ಇನ್ನು ನಿನ್ನ ಕಾಗದ ಬೇಕಾಗಿಲ್ಲ.

ಇತಿ,
ಮತ್ತು ಮಗ


ಮಾರ್ಚ್ 14

ಆ ಬೂಟನ್ನು ಅಮ್ಮನ ಕಾಲಿಗೆ ಹಾಕಬೇಡ.

ಮೂರು ಸಲ ಫೋನ್ ಮಾಡಿದೆ. ಅಂಗಡಿಯ ಹಳೆಯ ನಂಬರ್ ಈಗ ಯಾರೋ ಗಡಿಯಾರದ ಅಂಗಡಿಯವರದ್ದಂತೆ. ಹೊಸದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಹಾಗೆ ಮಾಡಿಕೊಂಡವರು ನಾವಿಬ್ಬರೂ.

ನಂಬರ್ 1 ಕಾಲಿನ ಕೊರತೆಯನ್ನು ಪೂರ್ತಿ ತುಂಬಿಕೊಡುತ್ತದೆ. ಅಮ್ಮನಿಗೆ ಅದು ಆಗುವುದಿಲ್ಲ. ಅರವತ್ತು ವರ್ಷ ಓರೆಯಾಗಿ ನಡೆದ ಸೊಂಟ ಒಂದೇ ದಿನಕ್ಕೆ ನೆಟ್ಟಗಾಗಲಾರದು. ಅದಕ್ಕೇ ನಂಬರ್ 2 ಬರೆದದ್ದು. ಸುಮಾರು ಮೂರರಲ್ಲಿ ಒಂದು ಪಾಲು ಬಿಟ್ಟು ಕೊಡುತ್ತದೆ ಅದು. ಮೂವತ್ತೊಂದು ಎಂದರೆ ಅವಳು ಬಲಕ್ಕೆ ಮಗುಚುತ್ತಾಳೆ. ಬೇರೆ ಯಾರಿಗಾದರೂ ಆ ಚೀಟಿಯಿಂದ ಬೂಟು ಮಾಡಿದ್ದರೆ ವಾಪಸು ತರಿಸು.

ಕೆಳಗಿನ ಸಾಲು ಬರಲಿಲ್ಲ ಎಂದು ಕುಣಿದಾಡಿದೆಯಲ್ಲ, ಅದೇ ಗುರುತು, ಮೂರ್ಖ. ಆ ಸಾಲು ಇರುವುದು ನಂಬರ್ 2ರಲ್ಲಿ ಮಾತ್ರ. ಅದು ಬರಲಿಲ್ಲ ಎಂದರೆ ಲೆಕ್ಕ ಹಾಕಿದವಳು ನಾನಲ್ಲ.

ಅಕ್ಕ


ಮಾರ್ಚ್ 19

ಅಕ್ಕನಿಗೆ,

ನಿನ್ನ ಕಾಗದ ಬಂದದ್ದು ಹದಿನೆಂಟಕ್ಕೆ. ಅಮ್ಮ ಬಿದ್ದದ್ದು ಹದಿನೇಳಕ್ಕೆ.

ಬೂಟು ಹಾಕಿ ಎಬ್ಬಿಸಿ ನಿಲ್ಲಿಸಿದೆ. "ಏನೋ ಇದು, ಒಂದು ಕಾಲು ಅಟ್ಟದ ಮೇಲೆ ಇಟ್ಟ ಹಾಗಿದೆ" ಎಂದಳು. "ಅಭ್ಯಾಸ ಆಗುತ್ತೆ, ನಡಿಯಮ್ಮ" ಎಂದೆ. ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಬಲಕ್ಕೆ ವಾಲಿ ಚರ್ಮ ಕೊಯ್ಯುವ ಮೇಜಿಗೆ ಬಡಿದು, ತಿರುಗಿ ಎಡಗೈ ಊರಿಕೊಂಡು ಬಿದ್ದಳು. ಎಡ ಮಣಿಕಟ್ಟು ಮುರಿದಿದೆ. ಸೊಂಟದ ಕೀಲಿಗೆ ಏನೂ ಆಗಿಲ್ಲ ಎಂದು ಎಕ್ಸ್‌ರೇ ತೆಗೆದು ಹೇಳಿದ್ದಾರೆ. ಬೇರೆ ಯಾರಿಗೂ ಆ ಚೀಟಿಯಿಂದ ಮಾಡಿರಲಿಲ್ಲ.

ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ, ಅದಕ್ಕೆ ಬರೆಯುತ್ತೇನೆ. ಆ ಅಟ್ಟೆಯನ್ನು ಅಂಗೈಯಲ್ಲಿ ಇಟ್ಟುಕೊಂಡಾಗಲೇ ಇದು ಹೆಚ್ಚಾಯಿತು ಎಂದು ಕೈ ಹೇಳಿತ್ತು. ಮೂವತ್ತು ವರ್ಷ ಅಟ್ಟೆ ಹಿಡಿದ ಕೈ ಇದು. ಚೀಟಿಯನ್ನು ನೋಡಿದೆ, ಮೂವತ್ತೊಂದು ಎಂದಿತ್ತು. ಜನ್ಮವಿಡೀ ನಿನ್ನ ಚೀಟಿಯನ್ನು ಹಳಿದವನು ಅವತ್ತು ಒಂದು ದಿನ ಕೈಯನ್ನು ಬಿಟ್ಟು ಚೀಟಿಯನ್ನು ನಂಬಿದೆ. ಅದರಲ್ಲಿ ನಿನ್ನ ಸಾಲು ಇರಲಿಲ್ಲ ಎನ್ನುವ ಖುಷಿಗೇ ನಂಬಿದೆ. ನನ್ನ ಮೇಲೆ ನನಗೆ ಅಸಹ್ಯವಾಗಿದೆ.

ನೀನು ಬೈಯುವುದಿದ್ದರೆ ಬೈದುಬಿಡು. ನಂಬರ್ 2 ಗುಜರಿಯಲ್ಲಿ ಕರಗಿಹೋಯಿತು. ನೀನು ಅದನ್ನು ಮತ್ತೆ ಬರೆಯಲು ಆಗುತ್ತದೆಯೇ?

ಇತಿ,
ತಮ್ಮ


ಮಾರ್ಚ್ 30

ಮಗಳಿಗೆ,

ನಿನ್ನ ತಮ್ಮ ಕಾಗದ ಹಾಕಿ ಹನ್ನೊಂದು ದಿನವಾಯಿತು, ನಿನ್ನಿಂದ ಉತ್ತರ ಇಲ್ಲ. ಅವನು ದಿನಾ ಅಂಚೆಯವನ ಕೈ ನೋಡುತ್ತಾನೆ. ಮುರಿದದ್ದು ಎಡಗೈ, ಬರೆಯುವುದು ಬಲಗೈ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಇದರ ಇನ್ನೊಂದು ಪ್ರತಿ ಅವನ ತಿಂಡಿ ತಟ್ಟೆಯ ಕೆಳಗೆ ಇಟ್ಟಿದ್ದೇನೆ. ಇಬ್ಬರಿಗೂ ಒಂದೇ ಬೈಗುಳ ಸಾಕು.

ನಿನ್ನ ಕಾಗದಗಳನ್ನೆಲ್ಲ ಓದಿದ್ದೇನೆ. ಅವನು ಮೇಜಿನ ಗಾಜಿನ ಕೆಳಗೆ ಇಡುತ್ತಾನೆ, ಮುಚ್ಚಿಟ್ಟ ಹಾಗೆ. ಗಾಜಿನ ಕೆಳಗೆ ಇಟ್ಟದ್ದು ಕಾಣುವುದಿಲ್ಲ ಎಂದು ತಿಳಿದವನು ನನ್ನ ಮಗ. ಎರಡು ಸಲ ಓದು, ಒಂದು ಸಲಕ್ಕೆ ಹತ್ತುವುದಿಲ್ಲ ಎಂದು ಒಡಹುಟ್ಟಿದವನಿಗೆ ಬರೆಯುವವಳು ನನ್ನ ಮಗಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನಗೆ ದೇವರು ಎರಡು ಕೊಟ್ಟ. ಒಂದು ಬೋರ್ಡು ಕಡಿಯಿತು, ಇನ್ನೊಂದು ಮನೆ ಬಿಟ್ಟು ಓಡಿತು.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತಂತೆ. ಇಲ್ಲಿ ಕೂಸುಗಳ ಜಗಳದಲ್ಲಿ ಮುದುಕಿ ಬಡವಾದಳು.

ಈಗ ನನ್ನ ತಪ್ಪು ಹೇಳುತ್ತೇನೆ. ಆ ಹಳೆಯ ಕಂಪ್ಯೂಟರನ್ನು ನಾನು ಗುಜರಿಯವನಿಗೆ ಕೊಡಲಿಲ್ಲ. ಅವನು ಬಂದ, ನೋಡಿದ, ನಾನು ಕಳಿಸಿಬಿಟ್ಟೆ. ಎತ್ತರ ಸರಿಯಾಗಿತ್ತು. ಹಳೆಯ ಕಂಬಳಿಯಲ್ಲಿ ಒಂದು ಗವಸು ಹೊಲಿದು ಹಾಕಿದೆ. ಅವತ್ತಿನಿಂದ ಅದೇ ನನ್ನ ಕಾಲುಮಣೆ. ನಿನ್ನ ತಮ್ಮ ದಿನಾ ಕಸ ಗುಡಿಸುವಾಗ ಅದನ್ನು ಎತ್ತಿ ಈಚೆಗಿಟ್ಟು ಮತ್ತೆ ಆಚೆಗಿಡುತ್ತಾನೆ. "ಇಷ್ಟೊಂದು ಭಾರ ಯಾಕಮ್ಮ?" ಎಂದು ಒಂದು ಸಲ ಕೇಳಿದ. "ಗಟ್ಟಿ ಮರ" ಎಂದೆ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ.

ನಿನ್ನ ಫೋಲ್ಡರ್ ಅದರಲ್ಲಿದೆ ಎಂದು ಮಾರ್ಚ್ ಮೊದಲ ವಾರದ ಕಾಗದದಲ್ಲೇ ಓದಿ ತಿಳಿದುಕೊಂಡಿದ್ದೆ. ಹೇಳಬೇಕಿತ್ತು, ಹೇಳಲಿಲ್ಲ. ಒಂಬತ್ತು ವರ್ಷದ ಮೇಲೆ ಈ ಮನೆಗೆ ನಿನ್ನ ಅಕ್ಷರ ಬರುತ್ತಿತ್ತು. ಬೈಗುಳವೇ ಆದರೂ ನಿನ್ನ ಅಕ್ಷರ. ಪೆಟ್ಟಿಗೆ ಕೊಟ್ಟುಬಿಟ್ಟರೆ ಹತ್ತು ನಿಮಿಷದ ಕೆಲಸ ಎಂದು ನೀನೇ ಬರೆದಿದ್ದೆ. ಆಮೇಲೆ ಕಾಗದ ನಿಂತುಹೋಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡು ಅದರ ಮೇಲೆ ಕಾಲಿಟ್ಟುಕೊಂಡು ಕೂತೆ. ಅವನು ಯಾವುದೋ ಬೇರೆ ನಂಬರ್ ಸಿಕ್ಕಿತು ಎಂದಾಗ ನನಗೆ ಅದು ಅರ್ಥವಾಗಲಿಲ್ಲ. ಹಾಗಾಗಿ ಮಣಿಕಟ್ಟು ಮುರಿದದ್ದಕ್ಕೆ ಅವನನ್ನು ಒಬ್ಬನನ್ನೇ ಬೈಯಬೇಡ.

ಏಪ್ರಿಲ್ ಮುಗಿಯುವುದಕ್ಕೆ ಇನ್ನು ಒಂದು ತಿಂಗಳು ಇದೆ. ನನಗೆ ನಡೆಯಬೇಕು. ಬಚ್ಚಲಿಗೆ ಮಗನ ಹೆಗಲು ಹಿಡಿದು ಹೋಗುವುದು ನನಗೆ ಇಷ್ಟವಿಲ್ಲ.

ಇತಿ ಆಶೀರ್ವಾದ,
ಅಮ್ಮ


ಏಪ್ರಿಲ್ 4

ತಮ್ಮನಿಗೆ,

ಮೊದಲು ಕೆಲಸ. ಆ ಸುಳ್ಳು ಲಿಂಕನ್ನು ಅಳಿಸು. ಅದು ಇರುವವರೆಗೆ ಬೇರೇನೂ ಮಾಡಬೇಡ. ಹಳೆಯ ಪೆಟ್ಟಿಗೆಯನ್ನು ಬಿಚ್ಚಿಸಿ ಅದರ ಡಿಸ್ಕನ್ನು ಹೊಸದಕ್ಕೆ ಜೋಡಿಸಲಿ. 'ಅಕ್ಕ' ಫೋಲ್ಡರನ್ನು ಪೂರ್ತಿ ತರಲಿ. ಅಂಗಾಲು 2ನ್ನು ಉಳಿದ ಲೈಬ್ರರಿಗಳ ಜೊತೆ ಇಟ್ಟು ಎಲ್‌ಡಿಕಾನ್ಫಿಗ್ ಓಡಿಸಿ, ಮತ್ತೆ ಎಲ್‌ಡಿಡಿ ಪಟ್ಟಿ ನೋಡು. ಮೂವತ್ತೊಂದು ಸಾಲಿನ ಮುಂದೆಯೂ ವಿಳಾಸ ಇರಬೇಕು. ಚೀಟಿಯ ಕೆಳಗೆ ಆ ಸಾಲು ಬಂದರೆ ಮಾತ್ರ ಅಟ್ಟೆಗೆ ಕೈ ಹಾಕು. ಆಮೇಲೂ ಅಂಗೈಯಲ್ಲಿ ಇಟ್ಟು ನೋಡು. ಕೈ ಬೇಡ ಎಂದರೆ ಚೀಟಿಯನ್ನು ಹರಿದು ಹಾಕು. ನಾನು ಬರೆದ ಚೀಟಿಯಾದರೂ ಸರಿ.

ಹತ್ತೊಂಬತ್ತನೇ ತಾರೀಖಿನ ಕಾಗದಕ್ಕೆ ಉತ್ತರ ಬರೆಯದಿದ್ದುದಕ್ಕೆ ಕಾರಣ ಇದೆ. ಮತ್ತೆ ಬರೆಯಲು ಆಗುತ್ತದೆಯೇ ಎಂದು ನೀನು ಕೇಳಿದ್ದೆ. ಹನ್ನೊಂದು ದಿನ ಪ್ರಯತ್ನಪಟ್ಟೆ, ಆಗಲಿಲ್ಲ. ಅದರ ಒಳಗಿನ ಅಂಕಿಗಳು ನನ್ನ ತಲೆಯಿಂದ ಬಂದವಲ್ಲ. ಪಡಸಾಲೆಯಲ್ಲಿ ಸೀಮೆಸುಣ್ಣದ ಪುಡಿ ಹರಡಿ ಅಮ್ಮನನ್ನು ಮುನ್ನೂರು ಹೆಜ್ಜೆ ನಡೆಸಿದ್ದು ನೆನಪಿದೆಯೇ? ಅಪ್ಪ ಎಣಿಸಿದ, ನೀನು ಟೇಪ್ ಹಿಡಿದೆ, ನಾನು ಬರೆದುಕೊಂಡೆ. ಮೂವರೂ ಸೇರಿ ಮಾಡಿದ್ದನ್ನು ಒಬ್ಬಳೇ ಕೂತು ನೆನೆಸಿಕೊಳ್ಳಲು ಆಗುವುದಿಲ್ಲ.

ಕೇಳು, ಇದನ್ನು ಒಂದೇ ಸಲ ಬರೆಯುತ್ತೇನೆ. ಎಲ್ಲರಿಗೂ ಸೇರಿದ ಲೈಬ್ರರಿಯನ್ನು ಒಬ್ಬರ ಸ್ವಂತ ಫೋಲ್ಡರ್‌ನಲ್ಲಿ ಇಡಬಾರದು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವರಿಗೂ ಗೊತ್ತಿರುವ ಮಾತು ಇದು. ನನ್ನ ಕೈಕೆಳಗಿನವರು ಯಾರಾದರೂ ಹಾಗೆ ಮಾಡಿದ್ದರೆ ಎಲ್ಲರೆದುರು ಮಾನ ಹರಾಜು ಹಾಕುತ್ತಿದ್ದೆ. ಅಂಗಾಲು 2 ಮೊದಲು ಸರಿಯಾದ ಜಾಗದಲ್ಲೇ ಇತ್ತು. ನೀನು ಬೋರ್ಡು ಬರೆದ ಸಂಜೆ ಅದನ್ನು ನನ್ನ ಫೋಲ್ಡರ್‌ಗೆ ತಂದು, ಹೆಜ್ಜೆ ಅದನ್ನು ಅಲ್ಲೇ ಹುಡುಕುವ ಹಾಗೆ ಮಾಡಿದೆ. ಒಂದು ಪ್ರತಿಯನ್ನೂ ತೆಗೆದುಕೊಳ್ಳದೆ ಹೊರಟೆ. ಬೇಕೆಂದೇ ಮಾಡಿದೆ. ಇವತ್ತಲ್ಲ ನಾಳೆ ಇವನು 'ಅಕ್ಕ' ಎಂಬುದನ್ನು ಕಸ ಎಂದು ಅಳಿಸುತ್ತಾನೆ, ಅವತ್ತು ಅಂಗಡಿ ನಿಲ್ಲುತ್ತದೆ, ಅವತ್ತು ನನ್ನನ್ನು ಕರೆಯುತ್ತಾನೆ ಎಂದುಕೊಂಡಿದ್ದೆ. ಒಂದು ವಾರ ಕಾದೆ, ಒಂದು ವರ್ಷ ಕಾದೆ. ಹಾಳಾದ್ದು, ಕೆಡಲೇ ಇಲ್ಲ.

ಅಮ್ಮ ಬಿದ್ದದ್ದು ನಿನ್ನ ಲಿಂಕಿನಿಂದ ಮಾತ್ರ ಅಲ್ಲ, ನನ್ನ ಹೊಟ್ಟೆಕಿಚ್ಚಿನಿಂದಲೂ. ನಿನ್ನನ್ನು ಮೂರ್ಖ ಎಂದು ಬರೆದಿದ್ದೆ. ವಾಪಸು ತೆಗೆದುಕೊಳ್ಳುವುದಿಲ್ಲ. ಜೊತೆಗೆ ನನ್ನನ್ನೂ ಸೇರಿಸಿಕೊಳ್ಳುತ್ತೇನೆ.

ನಾನು ಹಾಕಿಕೊಂಡು ಬಂದ ಬೂಟು ಬಾಯಿಬಿಟ್ಟಿಲ್ಲ. ಅದೂ ಹಾಳಾಗಲೇ ಇಲ್ಲ.

ಇತಿ,
ಅಕ್ಕ


ಏಪ್ರಿಲ್ 17

ಅಕ್ಕನಿಗೆ,

ಲಿಂಕ್ ಅಳಿಸಿದೆ. ಪೆಟ್ಟಿಗೆ ಬಿಚ್ಚುವುದಕ್ಕೆ ಅಮ್ಮ ಸುಲಭಕ್ಕೆ ಬಿಡಲಿಲ್ಲ. ಡಿಸ್ಕ್ ತೆಗೆದು ಖಾಲಿ ಪೆಟ್ಟಿಗೆಯನ್ನು ಗವಸಿನ ಸಮೇತ ವಾಪಸು ಕಾಲ ಕೆಳಗೆ ಇಟ್ಟ ಮೇಲೆಯೇ ಕಂಪ್ಯೂಟರ್ ಅಂಗಡಿಯವನನ್ನು ಬಾಗಿಲು ದಾಟಲು ಬಿಟ್ಟಳು. "ನನ್ನ ಮಗಳ ಕನಸು ಸಿಕ್ತೇನಪ್ಪಾ?" ಎಂದು ಅವನನ್ನು ಕೇಳಿದಳು. ಅವನ ಮುಖ ನೀನು ನೋಡಬೇಕಿತ್ತು.

ಮೂವತ್ತೊಂದು ಸಾಲಿಗೂ ವಿಳಾಸ ಬಂತು. ಹೆಜ್ಜೆ ತೆರೆಯಿತು. ಇಪ್ಪತ್ತೊಂದು ಮಿಲಿಮೀಟರ್. ಅಟ್ಟೆಯನ್ನು ಅಂಗೈಯಲ್ಲಿ ಇಟ್ಟು ನೋಡಿದೆ, ಕೈ ಒಪ್ಪಿತು. ಬೂಟು ಮುಗಿಸಲು ಐದು ದಿನ ತೆಗೆದುಕೊಂಡೆ, ಎರಡು ಸಲ ಹೊಲಿಗೆ ಬಿಚ್ಚಿ ಹಾಕಿದೆ.

ನಿನ್ನೆ ಬೆಳಿಗ್ಗೆ ಅಮ್ಮ ನಡೆದಳು. ಕುರ್ಚಿಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ. ನಾನು ಪಕ್ಕದಲ್ಲೇ ಕೈ ಚಾಚಿಕೊಂಡು ಹೋದೆ. "ಕೈ ತೆಗಿಯೋ, ದಾರಿಗೆ ಅಡ್ಡ" ಎಂದಳು. ಬಾಗಿಲಲ್ಲಿ ನಿಂತು ಬೋರ್ಡಿನ ಕಡೆ ಕತ್ತೆತ್ತಿ ನೋಡಿದಳು. ತಿರುಗಿ ಮತ್ತೆ ಹನ್ನೊಂದು ಹೆಜ್ಜೆ ನಡೆದು ಬಂದು ಕೂತಳು. ನಾನು ಒಳಗೆ ಹೋಗಿ ಅತ್ತೆ. ಚರ್ಮದ ವಾಸನೆಗೆ ಕಣ್ಣುರಿ ಎಂದು ಅವಳಿಗೆ ಹೇಳಿದ್ದೇನೆ, ನೀನೂ ಹಾಗೇ ಹೇಳು.

ನಿನ್ನ ಪ್ರೋಗ್ರಾಂ ಚೆನ್ನಾಗಿದೆ ಎಂದು ನಾನು ಈಗಲೂ ಹೇಳುವುದಿಲ್ಲ. ಬೇಕೆಂದೇ ಅಡಗಿಸಿಟ್ಟೆ ಎಂದು ಓದಿದಾಗ ಅಂಗಡಿಯ ಸುತ್ತಿಗೆ ಹಿಡಿದು ಆ ಊರಿಗೆ ಬರಬೇಕು ಅನ್ನಿಸಿತು. ಒಂದು ವರ್ಷ ಕಾದೆ ಎಂದು ಓದಿದಾಗ ಸುತ್ತಿಗೆಯನ್ನು ಕೆಳಗಿಟ್ಟೆ. ನಿನ್ನ ಫೋಲ್ಡರ್ ಈಗ ಹೊಸ ಕಂಪ್ಯೂಟರ್‌ನಲ್ಲಿದೆ. ಒಳಗೆ ಏನಿದೆ ಎಂದು ತೆರೆದು ನೋಡಿಲ್ಲ. ನೀನೇ ಬಂದು ನೋಡಿಕೋ. ಬರುವಾಗ ಆ ಬೂಟು ಹಾಕಿಕೊಂಡು ಬಾ, ಒಂಬತ್ತು ವರ್ಷದ ಹಿಮ್ಮಡಿ ಎಷ್ಟು ಸವೆದಿದೆ ಎಂದು ನಾನು ನೋಡಬೇಕು. ಬೋರ್ಡು ಬರೆಯಲು ಏಣಿ ಇದೆ, ಬಣ್ಣವೂ ಇದೆ. ನನ್ನ ಅಕ್ಷರ ಓರೆ ಎಂದು ನೀನು ಯಾವಾಗಲೂ ಹೇಳುತ್ತಿದ್ದೆ.

ಅಮ್ಮನ ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ಕೆಳಗಿನ ಸಾಲು ಬಂದಿದೆ. ಕತ್ತರಿಸಿಲ್ಲ.

ಇತಿ,
ನಿನ್ನ ತಮ್ಮ